ಅಣಕದ ಅಳತೆ

1898ರಲ್ಲಿ ಎಚ್. ಜಿ. ವೆಲ್ಸನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಪುಸ್ತಕರೂಪದಲ್ಲಿ ಹೊರಬಂದಿತು. ಮಂಗಳಗ್ರಹದ ಜೀವಿಗಳು ಉಷ್ಣಕಿರಣದಿಂದಲೂ ಕರಿಹೊಗೆಯಿಂದಲೂ ಲಂಡನ್ ನಗರವನ್ನು ಬರಿದುಮಾಡುವ ಭಯಾನಕ ಕಥೆ ಅದು. ಅದೇ ವರ್ಷ ಸಿ. ಎಲ್. ಗ್ರೇವ್ಸ್, ಇ. ವಿ. ಲ್ಯೂಕಸ್ ಇಬ್ಬರೂ ಸೇರಿ 'ದಿ ವಾರ್ ಆಫ್ ದಿ ವೀನಸಸ್' ಎಂಬ ಅಣಕವನ್ನು ರಚಿಸಿದರು. ಇದರಲ್ಲಿ ದಂಡೆತ್ತಿ ಬರುವವರು ಶುಕ್ರಗ್ರಹದ ಸ್ತ್ರೀಯರು. ಅವರ ಆಯುಧ ಕಟಾಕ್ಷ. ಆರ್ಟೀಷಿಯನ್ ಭಾಷೆಯಲ್ಲಿ ಎಚ್. ಜಿ. ಪೊಟ್ಸುವೋಲಿ ಎಂಬವನು ಬರೆದುದರ ಅನುವಾದವಿದೆಂದು ಮುಖಪತ್ರವೇ ಸಾರುತ್ತದೆ. 'ವೆಲ್ಸ್' ಎಂದರೆ ಬಾವಿಗಳು. ಆರ್ಟೀಷಿಯನ್ ಎಂಬುದು ನೀರು ತಾನಾಗಿ ಉಕ್ಕುವ ಬಾವಿಯ ಹೆಸರು. ಪೊಟ್ಸುವೋಲಿಯಲ್ಲಿಯೂ ಇಟಲಿಯವರ ಬಾವಿಯೇ ಅಡಗಿದೆ. ಶ್ಲೇಷೆಯ ಈ ಸರಪಳಿಯು ರಸಿಕರಿಗೆ ಪ್ರಿಯವಾಗದಿರದು.

ರಸಾಭಾಸದಿಂದ ಹಾಸ್ಯವು ಹುಟ್ಟುವುದೆಂದು ಅಭಿನವಗುಪ್ತನ ಮತ. ಭಯಾನಕಕ್ಕೆ ಶೃಂಗಾರದ ವೇಷ ತೊಡಿಸಿದ ಈ ಕೃತಿ ಅದಕ್ಕೆ ತಕ್ಕ ನಿದರ್ಶನ. ಆದರೆ ಮೂಲದ ಮರ್ಮವೊಂದನ್ನು ಅಣಕವು ಮುಟ್ಟಲಿಲ್ಲ. ಟಾಸ್ಮೇನಿಯದ ಮೂಲನಿವಾಸಿಗಳಿಗೆ ಐರೋಪ್ಯರಿಂದ ಒದಗಿದ ಗತಿಯನ್ನು ವೆಲ್ಸನು ಮೊದಲ ಅಧ್ಯಾಯದಲ್ಲಿಯೇ ನೆನಪಿಸಿ, ಪರರ ನಾಡನ್ನು ಗೆದ್ದವರನ್ನು ಸೋತವರ ಸ್ಥಾನದಲ್ಲಿ ನಿಲ್ಲಿಸಿದ್ದನು. ಅಣಕಕಾರರು ಆ ಮೊನೆಯನ್ನು ಬಿಟ್ಟು, ಹೆಂಗಸರ ಬೆಡಗನ್ನು ನಗುವ ಸುಲಭಮಾರ್ಗವನ್ನು ಹಿಡಿದರು. ವಿನೋದವೆಂದು ಓದಿದರೆ ಕೊರತೆಯಿಲ್ಲ. ಮೂಲದ ವಿಮರ್ಶೆಯೆಂದು ಎಣಿಸಿದರೆ ಕೆಲಸವು ಅರ್ಧಕ್ಕೇ ನಿಂತಿದೆ.