ಸೋತ ಮರುದಿನದ ವಿಮರ್ಶೆ

ನಮ್ಮ ಕಡೆ ಕ್ರಿಕೆಟ್ಟಿನ ಬಗ್ಗೆ ತಲೆಗೊಂದು ಮಾತಾಡುವವರು ಮೊದಲಿನಿಂದಲೂ ಇದ್ದರು. ಫುಟ್‌ಬಾಲಿಗಾಗಿ ಜಗಳವಾಡುವವರು ಕಾಣಿಸಿಕೊಂಡಿದ್ದು 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ. ಹಲಸೂರಿನ ಗಲ್ಲಿಗಳಲ್ಲಿ ಈ ಆಟ ಬಹಳ ಹಳೆಯದು, ನಿಜ. ಆದರೆ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಿಗೆ ಅದು ಬಂದದ್ದು ಬಸ್ಸು ಹತ್ತಿ ಕಂಠೀರವ ಕ್ರೀಡಾಂಗಣಕ್ಕೆ ಹೋಗಿಬರುವ ಹುಡುಗರ ಜೊತೆಯಲ್ಲಿ. ಅಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪಿನ ನಡುವೆ ನಿಂತು ತೊಂಬತ್ತು ನಿಮಿಷ ಹಾಡಿ, ಗಂಟಲು ಕಟ್ಟಿಸಿಕೊಂಡು ಬರುತ್ತಾರೆ. ಉಳಿದ ಗಂಟಲಿನಲ್ಲಿ ಮರುದಿನ ವಾದ. ನನ್ನ ತಮ್ಮನ ಮಗನೂ ಅವರಲ್ಲೊಬ್ಬ. ನಮ್ಮ ಮನೆಯ ಹಜಾರವೇ ಅವರಿಗೆ ಅರಳಿಕಟ್ಟೆ. ಹೀಗಾಗಿ ಒಮ್ಮೆಯೂ ಚೆಂಡು ಒದೆಯದ ನಾನು ಈ ವಾದಗಳನ್ನು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ.

ವಾದಿಸುವವರಿಗೆ ಆಟ ಗೊತ್ತಿಲ್ಲವೆಂದು ನಾನು ಹೇಳಲಾರೆ. ಯಾರು ಎಡಗಾಲಿನವನು, ಯಾರು ಎಪ್ಪತ್ತನೆಯ ನಿಮಿಷಕ್ಕೆ ಸುಸ್ತಾಗುತ್ತಾನೆ ಎಂಬುದನ್ನೆಲ್ಲ ಅವರು ಬಲ್ಲರು. ನನ್ನ ತಕರಾರು ಬೇರೆ. ಅವರ ವಿಮರ್ಶೆ ಫಲಿತಾಂಶದಿಂದ ಹೊರಟು ಹಿಂದಕ್ಕೆ ನಡೆಯುತ್ತದೆ. ಗೆದ್ದರೆ ಕೋಚ್ ಮಾಡಿದ್ದೆಲ್ಲ ಜಾಣತನ, ಸೋತರೆ ಅದೇ ಕೆಲಸ ದಡ್ಡತನ.

ಕಾರ್ಲೆಸ್ ಕ್ವಾಡ್ರಾಟ್ ಅವರ ಕಥೆ ನೋಡಿ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 1-0ಯಿಂದ ಸೋಲಿಸಿ ಬೆಂಗಳೂರಿಗೆ ಐಎಸ್‌ಎಲ್ ಕಪ್ಪು ತಂದವರು ಅವರು. ಆಗ ನಮ್ಮ ಹಜಾರದಲ್ಲಿ ಒಂದೇ ಮಾತು: ‘ಡಿಫೆನ್ಸು ಅಂದ್ರೆ ಹಿಂಗಿರಬೇಕು.’ 2021ರ ಜನವರಿಯಲ್ಲಿ ಸತತ ಮೂರು ಪಂದ್ಯ ಸೋತ ಕೂಡಲೇ ಕ್ಲಬ್ಬು ಅವರನ್ನು ಬಿಟ್ಟಿತು. ಆಗಿನ ಮಾತು: ‘ಬರೀ ಡಿಫೆನ್ಸು ಆಡಿಸ್ತಿದ್ರು.’ ಕೋಚ್ ಬದಲಾದ ಮೇಲೂ ತಂಡ ಹನ್ನೊಂದರಲ್ಲಿ ಏಳನೆಯ ಸ್ಥಾನಕ್ಕೆ ನಿಂತಿತು. ಅದೇ ಕ್ವಾಡ್ರಾಟ್ 2024ರ ಜನವರಿಯಲ್ಲಿ, ಹನ್ನೆರಡು ವರ್ಷದಿಂದ ರಾಷ್ಟ್ರೀಯ ಪ್ರಶಸ್ತಿಯಿಲ್ಲದೆ ಕಾದಿದ್ದ ಈಸ್ಟ್ ಬೆಂಗಾಲ್ ತಂಡಕ್ಕೆ ಸೂಪರ್ ಕಪ್ ಗೆಲ್ಲಿಸಿಕೊಟ್ಟರು.

ಇದಕ್ಕಿಂತ ದೊಡ್ಡ ಜಗಳ ಸುನಿಲ್ ಛೆಟ್ರಿಯವರದು. ಕ್ಲಬ್ಬು ಹುಟ್ಟಿದಾಗಿನಿಂದ ಅದರ ಮುಖವಾಗಿರುವ ಆಟಗಾರನನ್ನು 2022-23ರಲ್ಲಿ ಕೋಚ್ ಸೈಮನ್ ಗ್ರೇಸನ್ ಎಷ್ಟೋ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂರಿಸಿ, ಶಿವಶಕ್ತಿ ನಾರಾಯಣನ್ ಎಂಬ ಎಳೆಯ ಹುಡುಗನನ್ನು ಇಳಿಸಿದರು. ಮೊದಮೊದಲು ‘ಹಿರಿಯರಿಗೆ ಮಾಡೋ ಅವಮಾನ’ ಎಂದವರು, ಲೀಗಿನ ಕೊನೆಗೆ ತಂಡ ಸಾಲಾಗಿ ಎಂಟು ಪಂದ್ಯ ಗೆದ್ದಾಗ ‘ಕೋಚಿಗೆ ಧೈರ್ಯ ಇದೆ’ ಎಂದರು. ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಬದಲಿ ಆಟಗಾರನಾಗಿ ಬಂದ ಛೆಟ್ರಿ, ಎದುರಾಳಿಗಳು ಗೋಡೆ ಕಟ್ಟುವ ಮುಂಚೆಯೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಮೈದಾನ ಬಿಟ್ಟೇ ಹೋದರು. ಆಗ ‘ಛೆಟ್ರಿ ಇಲ್ಲದೆ ತಂಡವೇ ಇಲ್ಲ’ ಎಂದರು. ಹದಿನೈದು ದಿನದ ಮೇಲೆ ಗೋವಾದ ಫೈನಲಿನಲ್ಲಿ ಶಿವಶಕ್ತಿ ಆರಂಭದಲ್ಲೇ ಪೆಟ್ಟಾಗಿ ಹೊರಬಿದ್ದು ಛೆಟ್ರಿ ಬಂದರು, ಗೋಲನ್ನೂ ಹೊಡೆದರು. ತಂಡ ಪೆನಾಲ್ಟಿಯಲ್ಲಿ ಸೋತಿತು. ಕಪ್ಪು ಕೈತಪ್ಪಿದ ಮೇಲೆ ಕೋಚಿನ ಹಳೆಯ ತಪ್ಪುಗಳೆಲ್ಲ ಹೊರಬಂದವು. 2023ರ ಡಿಸೆಂಬರಿನಲ್ಲಿ ಮುಂಬೈ ಎದುರು 0-4ರ ಸೋಲಾದ ಮರುದಿನವೇ ಗ್ರೇಸನ್ ಹೊರಗೆ.

ಹಾಗಾದರೆ ಛೆಟ್ರಿಯವರನ್ನು ಕೂರಿಸಿದ್ದು ತಪ್ಪೇ? ಮುಂದಿನ ಕೋಚ್ ಜೆರಾರ್ಡ್ ಜರಗೋಜಾ ಅವರ ಕೈಕೆಳಗೆ 2024-25ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ, ಅವರು 14 ಗೋಲು ಹೊಡೆದರು. ಅದರಲ್ಲಿ ಕೇರಳದ ಮೇಲೆ ಮೂರು ಒಂದೇ ಪಂದ್ಯದಲ್ಲಿ. ಇದನ್ನು ತೋರಿಸಿ ‘ನೋಡಿ, ನಾವು ಅವತ್ತೇ ಹೇಳಿರಲಿಲ್ವಾ’ ಎನ್ನುವುದು ಸುಲಭ. ಆದರೆ ಎಂಟು ಗೆಲುವು ಸುಳ್ಳಾಗುವುದಿಲ್ಲ. ಕೂರಿಸಿದ ದಿನ ಕೂರಿಸಿದ್ದೂ ಸರಿಯಿರಬಹುದು, ಆಡಿಸಿದ ದಿನ ಆಡಿಸಿದ್ದೂ ಸರಿಯಿರಬಹುದು. ನಿರ್ಧಾರ ಆ ದಿನದ ಕಾಲು, ಎದುರಾಳಿ, ಅಗತ್ಯ ನೋಡಿ ಆಗುವಂಥದು. ನಮ್ಮವರು ಅದನ್ನು ಆ ಮನುಷ್ಯನ ಮರ್ಯಾದೆಯ ತೀರ್ಪು ಮಾಡಿಬಿಡುತ್ತಾರೆ. ಈ ಜರಗೋಜಾ ಬಂದ ವರ್ಷ ತಂಡ ಹನ್ನೆರಡರಲ್ಲಿ ಹತ್ತನೆಯದಾಗಿತ್ತು. ಆಗ ಹಜಾರದ ಮಾತು ನಡೆದಿದ್ದರೆ ಅವರೂ ಊರಿಗೆ ಹೋಗುತ್ತಿದ್ದರು. ಕ್ಲಬ್ಬು ಉಳಿಸಿಕೊಂಡಿತು. ಮರುವರ್ಷ ತಂಡ ಫೈನಲ್ ಆಡಿತು.

ಕೋಚಿನ ಕೈ ಎಷ್ಟು ಕಟ್ಟಿರುತ್ತದೆ ಎಂಬುದೂ ವಾದದಲ್ಲಿ ಬರುವುದಿಲ್ಲ. ಆ ವರ್ಷಗಳಲ್ಲಿ ಮೈದಾನದಲ್ಲಿ ಒಮ್ಮೆಗೆ ನಾಲ್ವರೇ ವಿದೇಶಿಯರು ಆಡಬಹುದಿತ್ತು. ಒಬ್ಬ ಪರದೇಶದ ಮುನ್ನಡೆಗಾರನನ್ನು ಇಳಿಸಿದರೆ ರಕ್ಷಣೆಯಲ್ಲೋ ನಡುವಿನಲ್ಲೋ ಒಬ್ಬ ಕಡಿಮೆ. 2023ರಲ್ಲಿ ಸಂದೇಶ್ ಝಿಂಗನ್, ಉದಾಂತ ಸಿಂಗ್ ಇಬ್ಬರೂ ಗೋವಾ ತಂಡಕ್ಕೆ ಹೋದರು. ಇಲ್ಲದ ಆಟಗಾರನನ್ನು ಯಾವ ಕೋಚೂ ಆಡಿಸಲಾರ.

ಇದು ನನಗೆ ಇಷ್ಟು ತಾಗಲು ಕಾರಣವಿದೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿದ ವರ್ಷ ಆಯಾ ವಿಷಯದ ಮೇಷ್ಟ್ರು, ಮೇಡಂಗಳನ್ನೆಲ್ಲ ಸಾಲಾಗಿ ಕೂರಿಸಿ ಕಾರಣ ಬರೆಸಿಕೊಂಡರು. ಮಕ್ಕಳು ಎಂಟನೆಯ ತರಗತಿಗೆ ಬಂದಾಗ ಕನ್ನಡ ಓದಲು ಬರುತ್ತಿತ್ತೇ, ಎಷ್ಟು ಜನ ಶಾಲೆ ಬಿಟ್ಟ ಮೇಲೆ ಮಗ್ಗದ ಮನೆಗೆ ಕೆಲಸಕ್ಕೆ ಹೋಗುತ್ತಾರೆ ಎಂದು ಯಾರೂ ಕೇಳಲಿಲ್ಲ. ಹಿಂದಿನ ವರ್ಷ ಫಲಿತಾಂಶ ಏರಿದ್ದಾಗ ಹೂಗುಚ್ಛ ಕೊಟ್ಟಿದ್ದರು. ಎರಡೂ ವರ್ಷ ನಾವು ಕಲಿಸಿದ್ದು ಒಂದೇ ರೀತಿ. ನಮ್ಮ ಕೆಲಸ ನೋಡದೆ ಕೊಟ್ಟದ್ದರಿಂದ ಆ ಹೂವಿನಿಂದಲೂ ನಾವು ಏನೂ ಕಲಿಯಲಿಲ್ಲ.

ಇದನ್ನು ಹೇಳಿದಾಗ ನನ್ನ ಅಳಿಯ ಸುಮ್ಮನಿರಲಿಲ್ಲ. ‘ಅತ್ತೆ, ದುಡ್ಡು ಕೊಟ್ಟು ಟಿಕೆಟ್ ತಗೊಂಡು ಹೋಗೋರು ನಾವು. ಕೇಳೋ ಹಕ್ಕು ನಮಗಿಲ್ವಾ?’ ಎಂದ. ಖಂಡಿತ ಇದೆ. ಕೇಳುವವರಿಲ್ಲದ ತಂಡ ಸೊರಗುತ್ತದೆ, ಕೇಳುವವರಿಲ್ಲದ ಶಾಲೆಯ ಹಾಗೆ. ಆದರೆ ಹನ್ನೊಂದು ಜನರ ಪಟ್ಟಿ ಆಟಕ್ಕೆ ಮುಂಚೆಯೇ ಹೊರಬೀಳುತ್ತದಲ್ಲ, ಆಕ್ಷೇಪವನ್ನು ಆಗಲೇ, ಕಾರಣ ಸಮೇತ ಹೇಳಿ. ಆಟ ಮುಗಿದ ಮೇಲೆ ನಿಮ್ಮ ಮಾತನ್ನೂ ಕೋಚಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಗೆದ್ದಾಗಲೂ ತಪ್ಪನ್ನು ತೋರಿಸುವ, ಸೋತಾಗಲೂ ಸರಿಯಾದದ್ದನ್ನು ಒಪ್ಪುವ ಅಭಿಮಾನಿಯ ಮಾತಿಗೆ ಕೋಚೂ ಕಿವಿಗೊಟ್ಟಾನು.