‘ಊರುಕೇರಿ’ ಎಂಬ ಸಮಾಸದ ವಿಚಾರ

ಚಿತ್ರದುರ್ಗದ ಸೀಮೆಯ ತುರುವನೂರು 1939ರ ಈಚಲುಮರ ಕಡಿಯುವ ಸತ್ಯಾಗ್ರಹದಿಂದ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಹೆಸರಾಯಿತು. ‘ತುರುವನೂರಿನವರು ಮರ ಕಡಿದರು’ ಎನ್ನುವಲ್ಲಿ ಚರಿತ್ರೆಯು ಊರನ್ನೇ ಕರ್ತೃವಾಗಿ ಗ್ರಹಿಸುತ್ತದೆ. ಅವರು ಯಾವ ಯಾವ ಕೇರಿಗಳವರೆಂಬುದು ಆ ವಾಕ್ಯದಲ್ಲಿ ಅಡಗಿಹೋಗುತ್ತದೆ. ಆದರೆ ಮನುಷ್ಯನು ಬಾಲ್ಯದಲ್ಲಿ ಮೊದಲು ಅರಿಯುವುದು ಊರನ್ನಲ್ಲ, ಕೇರಿಯನ್ನು. ನೆರೆಯವರನ್ನು ನಂಬುವುದು, ನಾಲ್ವರೊಡನೆ ಕೂಡಿ ನಗುವುದು, ಇಲ್ಲವೆ ಅಂಜಿ ದೂರ ನಿಲ್ಲುವುದು—ಇವೆಲ್ಲವೂ ಅಲ್ಲಿ ಕಲಿತ ಪಾಠಗಳು. ಪ್ರೌಢವಯಸ್ಸಿನ ಸಾಮಾಜಿಕ ಸೌಖ್ಯಕ್ಕೆ ಇವೇ ಅಡಿಗಲ್ಲು. ಚರಿತ್ರೆಯು ಬಿಟ್ಟ ಈ ಅಂಶವನ್ನು ಆತ್ಮಕಥೆಯು ತುಂಬಿಕೊಡಬಲ್ಲುದು.

ಇದಕ್ಕೆ ಉತ್ತಮ ನಿದರ್ಶನವು ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಜನಿಸಿದ ಸಿದ್ಧಲಿಂಗಯ್ಯನವರ ‘ಊರುಕೇರಿ’. ಹೆಸರು ದ್ವಂದ್ವಸಮಾಸ. ದ್ವಂದ್ವದಲ್ಲಿ ಎರಡು ಪದಗಳಿಗೂ ಸಮಪ್ರಾಧಾನ್ಯವೆಂಬುದು ಶಾಸ್ತ್ರಸಮ್ಮತ. ವ್ಯಾಕರಣವು ಕೊಟ್ಟ ಈ ಸಮತೆಯನ್ನು ಲೋಕವು ಕೇರಿಗೆ ಕೊಡಲಿಲ್ಲವೆಂಬುದೇ ಗ್ರಂಥದ ವಸ್ತು. ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟ ಇಬ್ಬರಲ್ಲಿ ಒಬ್ಬನು ತನ್ನ ತಂದೆಯೆಂದು ಬಾಲಕನು ಅರಿಯುವ ಸನ್ನಿವೇಶವೊಂದೇ ಇದಕ್ಕೆ ಸಾಕ್ಷಿ.

ಇಂತಹ ಬಾಲ್ಯದಿಂದ ಕಹಿಯಲ್ಲದೆ ಮತ್ತೇನು ಹುಟ್ಟೀತು ಎಂದು ಪೂರ್ವಪಕ್ಷಿಯು ಕೇಳಬಹುದು. ಆದರೆ ಗ್ರಂಥದಲ್ಲಿ ಹಾಸ್ಯವು ಹೆಜ್ಜೆಹೆಜ್ಜೆಗೂ ಉಕ್ಕುತ್ತದೆ. ಈ ಹಾಸ್ಯವು ದುಃಖವನ್ನು ಮರೆಸುವ ಉಪಾಯವಲ್ಲ; ಒಟ್ಟಿಗೆ ನೊಂದವರು ಒಟ್ಟಿಗೆ ನಕ್ಕ ಸಹವಾಸದ ಫಲ. ಬೆಂಗಳೂರಿನ ಶ್ರೀರಾಮಪುರದಲ್ಲಿಯೂ ಬಡವರ ನೆರೆಯೇ ಅವರಿಗೆ ಒದಗಿತು. 1975ರ ‘ಹೊಲೆಮಾದಿಗರ ಹಾಡು’ ಸಂಕಲನದಲ್ಲಿ ಸಮುದಾಯದ ಪರವಾಗಿ ಮಾತನಾಡಿದವರು, 1988ರಲ್ಲಿ ವಿಧಾನ ಪರಿಷತ್ತನ್ನು ಪ್ರವೇಶಿಸಿದವರು ಏಕಾಕಿಯ ಕಂಠದಿಂದ ನುಡಿಯಲಿಲ್ಲ. ಕೇರಿಯ ಬಳಗವು ಆ ಕಂಠದ ಹಿಂದಿತ್ತು.

ಗ್ರಂಥದಲ್ಲಿ ಒಂದು ನ್ಯೂನತೆಯೂ ಉಂಟು. ಪ್ರಸಂಗಗಳು ಒಂದರ ಬೆನ್ನಿಗೊಂದು ಬರುವುದರಿಂದ ಕರುಣವು ನೆಲೆಗೊಳ್ಳುವ ಮೊದಲೇ ನಗೆಯು ಅದನ್ನು ದಾಟಿಸಿಬಿಡುತ್ತದೆ; ಅವಸರದ ಓದುಗನು ನಗೆಯಲ್ಲೇ ನಿಂತುಬಿಡಬಹುದು.

ಹಾಗೆಂದು ಕೇರಿಯ ಕಷ್ಟವೇ ಗುಣಕಾರಿಯೆಂದು ಸಿದ್ಧಾಂತಮಾಡುವುದು ಘೋರ ಪ್ರಮಾದ. ಒಡನಾಟವು ಕೇರಿಯ ಜನರು ಕೊಟ್ಟದ್ದು. ಗಡಿಯು ಊರು ಹಾಕಿದ್ದು. ಮೊದಲನೆಯದಕ್ಕೆ ಸಲ್ಲುವ ಹೊಗಳಿಕೆಯನ್ನು ಎರಡನೆಯದಕ್ಕೆ ಸಲ್ಲಿಸಲಾಗದು. ಈ ವಿವೇಕವಿಲ್ಲದೆ ಗ್ರಂಥವನ್ನು ಪಾಠ ಹೇಳಿದರೆ ಅಧ್ಯಾಪಕನು ಅನ್ಯಾಯಕ್ಕೆ ಅರಿಯದೆಯೇ ಮಂಗಳ ಹಾಡಿದಂತಾಗುತ್ತದೆ. ತುರುವನೂರಿನಂತಹ ಊರುಗಳ ಕೀರ್ತಿಯನ್ನು ಬೋಧಿಸುವಾಗಲೂ, ಆ ಹೆಸರಿನೊಳಗೆ ಎಷ್ಟು ಕೇರಿಗಳಿವೆ, ಅಲ್ಲಿಯ ಮಕ್ಕಳು ಯಾರೊಡನೆ ಆಡಿ ಬೆಳೆದರು ಎಂಬ ಪ್ರಶ್ನೆಯನ್ನು ಕೇಳದೆ ಬಿಡಬಾರದು.