‘ವೆಚ್ಚ’ ಎಂಬ ಪದದ ಜಾತಿ

ನಮ್ಮ ಕಡೆ ಒಂದು ಮಾತು ಗಾದೆಯ ಥರ ಓಡಾಡ್ತಾ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನೊಬ್ಬ ಐಟಿಐ ಮುಗಿಸಿ ಬಿಡದಿಗೋ ಪೀಣ್ಯಕ್ಕೋ ಹೊರಟರೆ ಸಾಕು, ಮನೆಯವರಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರೂ ಅದನ್ನೇ ಹೇಳುತ್ತಾರೆ: “ಸಂಘ ಗಿಂಘ ಅಂತ ಸೇರಬ್ಯಾಡ ಕಣಪ್ಪ. ಸಂಘ ಬಂದ್ರೆ ಕಾರಿನ ಖರ್ಚು ಏರುತ್ತೆ, ಕಂಪ್ನಿ ಬಾಗಿಲು ಹಾಕ್ಕೊಂಡು ಹೋಗುತ್ತೆ.” ಇದೇ ಮಾತನ್ನು ದೊಡ್ಡ ಪತ್ರಿಕೆಗಳು ಇಸ್ತ್ರಿ ಮಾಡಿ ಬರೆಯುತ್ತವೆ: ಕಾರ್ಮಿಕ ಸಂಘಗಳಿಂದ ಉತ್ಪಾದನಾ ವೆಚ್ಚ ಹೆಚ್ಚುತ್ತದೆ, ಸ್ಪರ್ಧಾಶಕ್ತಿ ಕುಗ್ಗುತ್ತದೆ.

ಕವಿತೆಯ ಸಾಲನ್ನು ಬಿಡಿಸಿ ನೋಡೋರು ನಾವು. ಈ ಸಾಲನ್ನೂ ಬಿಡಿಸಿ ನೋಡೋಣ. ಯಾಕಂದ್ರೆ ಯಾವ ಕವಿತೆಗಿಂತಲೂ ಹೆಚ್ಚು ಜನರ ಬಾಯಿ ಕಟ್ಟಿರೋದು ಈ ಸಾಲು.

ಮೊದಲು ‘ವೆಚ್ಚ’ ಅನ್ನೋ ಪದ. ಕಾರು ಮಾಡಲು ಉಕ್ಕು ಬೇಕು, ಟೈರು ಬೇಕು, ಸಾಲ ಬೇಕು, ತಂತ್ರಜ್ಞಾನ ಬೇಕು, ಕೈ ಬೇಕು. ಲೆಕ್ಕದ ಪುಸ್ತಕದಲ್ಲಿ ಇವೆಲ್ಲವೂ ವೆಚ್ಚವೇ. ಆದರೆ ಹೊರಗೆ ಮಾತಿಗೆ ಬಂದಾಗ ಬ್ಯಾಂಕಿನ ಪಾಲಿಗೆ ಬಡ್ಡಿ ಅನ್ನುವ ಗೌರವದ ಹೆಸರು, ಸರ್ಕಾರದ ಪಾಲಿಗೆ ತೆರಿಗೆ, ವಿದೇಶಿ ಕಂಪನಿಯ ಪಾಲಿಗೆ ರಾಯಧನ, ಧಣಿಯ ಪಾಲಿಗೆ ಲಾಭ. ಬರಿಯ ‘ವೆಚ್ಚ’ ಅಂತ ಕರೆಸಿಕೊಳ್ಳೋದು ಕೂಲಿಯವನ ಪಾಲು ಮಾತ್ರ. ಊರಲ್ಲಿ ಎಲ್ಲರಿಗೂ ಹೆಸರಿದ್ದು ಕೇರಿಯವನಿಗೆ ಮಾತ್ರ ‘ಲೇ’ ಅನ್ನೋ ಹಾಗೆ. ಪದಕ್ಕೂ ಜಾತಿ ಇದೆ.

ಈಗ ಲೆಕ್ಕ. ದೇಶದ ಅತಿ ದೊಡ್ಡ ಕಾರು ಕಂಪನಿ ಮಾರುತಿ ಸುಜುಕಿ. ಅದರ 2023-24ರ ಲೆಕ್ಕಪತ್ರ ನೋಡಿದರೆ ನೂರು ರೂಪಾಯಿ ಆದಾಯದಲ್ಲಿ ಎಪ್ಪತ್ತಕ್ಕೂ ಹೆಚ್ಚು ಹೋಗೋದು ಸಾಮಗ್ರಿಗೆ. ನೌಕರರಿಗೆ, ಅಂದರೆ ಸೂಟು ಹಾಕಿದ ಸಾಹೇಬರಿಂದ ಹಿಡಿದು ಬೋಲ್ಟು ತಿರುಗಿಸುವವನವರೆಗೆ ಎಲ್ಲರಿಗೂ ಸೇರಿ, ಹೋಗೋದು ನಾಲ್ಕು ರೂಪಾಯಿಯ ಆಸುಪಾಸು. ಗುತ್ತಿಗೆಯವರ ಕೂಲಿ ಒಂದಿಷ್ಟು ಬೇರೆ ಕಾಲಮ್ಮಿನಲ್ಲಿ ಅಡಗಿದ್ದೀತು. ಬಿಡಿಭಾಗ ಮಾಡುವವರ ಕೂಲಿ ‘ಸಾಮಗ್ರಿ’ಯ ಹೊಟ್ಟೆಯೊಳಗಿದೆ. ಆದರೆ ಆ ಚಿಕ್ಕ ಕಾರ್ಖಾನೆಗಳಲ್ಲಿ ಸಂಘ ಇರೋದೇ ಅಪರೂಪ. ಇದೇ ಮಾರುತಿ 2010ರ ದಶಕದ ಹಲವು ವರ್ಷ ಜಪಾನಿನ ಸುಜುಕಿಗೆ ಕಟ್ಟಿದ ರಾಯಧನ ಮಾರಾಟದ ಶೇಕಡಾ 5ರ ಮೇಲಿತ್ತು. ಎಲ್ಲ ನೌಕರರ ಸಂಬಳಕ್ಕಿಂತ ಹೆಚ್ಚು! ಷೇರುದಾರರು ಗೊಣಗಿದ್ದುಂಟು. ಆದರೆ ರಾಯಧನ ಕೇಳಿದ್ದಕ್ಕೆ ಯಾರನ್ನೂ ಅಮಾನತು ಮಾಡಲಿಲ್ಲ, ಗೇಟಿನ ಮುಂದೆ ಪೊಲೀಸ್ ವ್ಯಾನು ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇನ್ನೋವಾದಂಥ ದೊಡ್ಡ ಕಾರಿನ ಮೇಲೆ ಜಿಎಸ್‌ಟಿ ಶೇಕಡಾ 40. ಬೆಲೆ ಏರಿಸಿದವನು ಯಾರು ಅಂತ ಹುಡುಕುವ ಪತ್ರಕರ್ತ ಇವರೆಲ್ಲರ ಮನೆ ದಾಟಿಕೊಂಡು ಬಂದು ನಾಲ್ಕು ರೂಪಾಯಿಯವನ ಗುಡಿಸಲಿನ ಮುಂದೆ ನಿಲ್ಲುತ್ತಾನೆ.

ದೂರದ ಮಾರುತಿ ಬೇಡ, ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಗೇ ಬರೋಣ. 2014ರ ಮಾರ್ಚಿನಲ್ಲಿ ಅಲ್ಲಿ ಬೀಗಮುದ್ರೆ ಆಯಿತು. ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕದ ಪ್ರಕಾರ ಸಂಘ ಕೇಳಿದ್ದು ತಿಂಗಳಿಗೆ 4,000 ರೂಪಾಯಿ ಏರಿಕೆ, ಆಡಳಿತ ಕೊಡ್ತೀನಿ ಅಂದದ್ದು 3,050. ಜಗಳ ಇದ್ದದ್ದು 950 ರೂಪಾಯಿಗೆ. ಸಂಘದ ಸದಸ್ಯರು ಸುಮಾರು 4,200 ಜನ. ಗುಣಿಸಿ: ವರ್ಷಕ್ಕೆ ಐದು ಕೋಟಿಗೂ ಕಡಿಮೆ. ಎರಡು ಘಟಕ ಸೇರಿ ವರ್ಷಕ್ಕೆ ಮೂರು ಲಕ್ಷ ಕಾರು ಮಾಡಬಲ್ಲ ಕಾರ್ಖಾನೆ ಅದು. ಒಂದೇ ಲಕ್ಷ ಮಾಡಿತು ಅಂತಲೇ ಹಿಡಿಯಿರಿ, ಕಾರೊಂದಕ್ಕೆ ಬೀಳೋದು 480 ರೂಪಾಯಿಯ ಒಳಗೆ. ಅಷ್ಟು ದೊಡ್ಡ ಕಾರಿನ ಬೆಲೆಯಲ್ಲಿ ಈ 480 ರೂಪಾಯಿ ಸ್ಪರ್ಧೆಯನ್ನು ಕೊಂದುಬಿಡುತ್ತಾ? ಹಳ್ಳಿಯ ಶಾಲೆಯ ಮೇಷ್ಟ್ರು ಈ ಲೆಕ್ಕವನ್ನು ಏಳನೇ ಕ್ಲಾಸಿನ ಮಕ್ಕಳ ಕೈಲಿ ಮಾಡಿಸಬಹುದು.

ತೆಂಗಿನ ಸೀಮೆಯವರಾದ ನಮಗಂತೂ ಇದು ಬೇಗ ಅರ್ಥ ಆಗಬೇಕು. ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ 2023ರಲ್ಲಿ ಕ್ವಿಂಟಲಿಗೆ 8,000 ರೂಪಾಯಿಯ ಆಸುಪಾಸಿಗೆ ಬಿತ್ತು. ಸರ್ಕಾರ ಕಟ್ಟಿದ ಬೆಂಬಲ ಬೆಲೆ ಆ ವರ್ಷ 11,750. ಅದೇ ಕೊಬ್ಬರಿ 2025ರಲ್ಲಿ 20,000 ದಾಟಿ ಓಡಿತು. ಬಿದ್ದಾಗ ಮರ ಹತ್ತುವವನ, ಕಾಯಿ ಸುಲಿಯುವವನ ಕೂಲಿ ದುಪ್ಪಟ್ಟಾಗಿತ್ತಾ? ಏರಿದಾಗ ಅವರ ಕೂಲಿ ಎರಡೂವರೆ ಪಟ್ಟು ಏರಿತಾ? ಇಲ್ಲ. ಆದರೂ ತೋಟ ಲುಕ್ಸಾನು ಅಂದಾಗಲೆಲ್ಲ ಬೈಗುಳ ಬೀಳೋದು ಆಳುಗಳಿಗೆ. ರೇಟು ಕಟ್ಟುವವನು ಕಾಣೋದಿಲ್ಲ, ಕೂಲಿ ಕೇಳುವವನು ಬಾಗಿಲಲ್ಲೇ ನಿಂತಿರ್ತಾನೆ. ಕಾರಿನ ಕಥೆಯೂ ಅಷ್ಟೇ.

ಹಾಗಂತ ಮುಷ್ಕರದಿಂದ ನಷ್ಟವೇ ಇಲ್ಲ ಅಂತ ಹೇಳಿದರೆ ಅದು ಪ್ರಾಮಾಣಿಕ ವಿಮರ್ಶೆ ಆಗೋದಿಲ್ಲ. ಲೈನು ನಿಂತ ದಿನವೂ ಬಡ್ಡಿ ಓಡುತ್ತೆ. ದಾಸ್ತಾನು ಇಟ್ಟುಕೊಳ್ಳದೆ ಬೇಕಾದಾಗ ಬೇಕಾದಷ್ಟೇ ಸಾಮಾನು ತರಿಸುವ ಪದ್ಧತಿ ಟೊಯೊಟಾದ್ದು. ಅದರ ಲೈನು ನಿಂತರೆ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆಗಳೂ ನಿಲ್ಲುತ್ತವೆ. ಅಲ್ಲಿ ಸಂಘವಿಲ್ಲದ ಕೂಲಿಯವನ ಒಲೆ ಮೊದಲು ಆರುತ್ತೆ. 2020ರ ನವೆಂಬರಿನಲ್ಲಿ ಬಿಡದಿಯಲ್ಲಿ ಆದದ್ದೇ ಇದು. ಕೆಲಸದ ವೇಗ ಹೆಚ್ಚಿಸಿ ಉಸಿರು ಬಿಡೋಕೂ ಪುರುಸೊತ್ತು ಕೊಡೋಲ್ಲ ಅನ್ನೋದು ಕಾರ್ಮಿಕರ ದೂರು. ಧರಣಿ ಕಾನೂನುಬಾಹಿರ, ಶಿಸ್ತಿಲ್ಲ ಅನ್ನೋದು ಆಡಳಿತದ ದೂರು. ಸಂಘದ ಪದಾಧಿಕಾರಿಯೊಬ್ಬರ ಅಮಾನತು, ಒಳಗೇ ಧರಣಿ, 10ರಂದು ಬೀಗಮುದ್ರೆ, ಸರ್ಕಾರದ ನಿಷೇಧಾಜ್ಞೆ, 23ರಂದು ಮತ್ತೆ ಬೀಗಮುದ್ರೆ. ಅದು ತೆರವಾದದ್ದು 2021ರ ಜನವರಿಯಲ್ಲಿ. ನಷ್ಟ ಎರಡೂ ಕಡೆ ಆಯಿತು.

ಸಂಘ ಇರೋದ್ರಿಂದ ಕಂಪ್ನಿ ಓಡಿಹೋಯ್ತಾ? 2023ರ ನವೆಂಬರಿನಲ್ಲಿ ಇದೇ ಟೊಯೊಟಾ ಇದೇ ಬಿಡದಿಯಲ್ಲಿ ಮೂರನೇ ಘಟಕಕ್ಕೆ ಸುಮಾರು 3,300 ಕೋಟಿ ಹಾಕ್ತೀನಿ ಅಂತ ಕರ್ನಾಟಕ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಓಡಿಹೋದದ್ದು ಫೋರ್ಡ್. 2021ರ ಸೆಪ್ಟೆಂಬರಿನಲ್ಲಿ ಅದು ಭಾರತದಲ್ಲಿ ಕಾರು ಮಾಡೋದು ನಿಲ್ಲಿಸ್ತೀನಿ ಅಂದಾಗ ಕೊಟ್ಟ ಕಾರಣ ಹತ್ತು ವರ್ಷದಲ್ಲಿ ಕೂಡಿದ ಎರಡು ನೂರು ಕೋಟಿ ಡಾಲರ್ ನಷ್ಟ. ಅದರ ಕಾರು ಸಾಕಷ್ಟು ಮಾರಲಿಲ್ಲ. ಮಾರುಕಟ್ಟೆ ಅಂದಾಜು ತಪ್ಪಿದವರು ಮೇಲಿನವರು, ಮನೆಗೆ ಹೋದವರು ಕೆಳಗಿನವರು.

ಅಮೆರಿಕದ ಒಂದು ಉದಾಹರಣೆ ಈ ವಾದದ ಬೇರನ್ನೇ ಅಲ್ಲಾಡಿಸುತ್ತೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಇತ್ತು. ಜಗಳ, ಗೈರುಹಾಜರಿ, ಕೆಟ್ಟ ಕಾರು ಅಂತ ಹೆಸರಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಅವರ ಜೊತೆ ಸೇರಿ ‘ನುಮ್ಮಿ’ ಅನ್ನೋ ಹೆಸರಲ್ಲಿ ಅದನ್ನೇ ತೆರೆಯಿತು. ಹಳೇ ಕಾರ್ಮಿಕರಲ್ಲೇ ಹೆಚ್ಚಿನವರು, ಅದೇ ಯುಎಡಬ್ಲ್ಯು ಸಂಘ. ಕೆಲವೇ ವರ್ಷದಲ್ಲಿ ಅಲ್ಲಿನ ಕಾರು ಗುಣಮಟ್ಟದಲ್ಲಿ ಆ ದೇಶದ ಮುಂಚೂಣಿಗೆ ಬಂತು. ಬದಲಾದದ್ದು ಏನು? ತಪ್ಪು ಕಂಡರೆ ಹಗ್ಗ ಎಳೆದು ಇಡೀ ಲೈನು ನಿಲ್ಲಿಸುವ ಅಧಿಕಾರವನ್ನು ಸಾಮಾನ್ಯ ಕಾರ್ಮಿಕನ ಕೈಗೆ ಕೊಟ್ಟರು. ಅವನ ಮಾತನ್ನು ಕೇಳಿಸಿಕೊಂಡರು. ಜನರಲ್ ಮೋಟಾರ್ಸ್ ಮುಂದೆ 2009ರಲ್ಲಿ ದಿವಾಳಿ ಎದ್ದಾಗ ಸಂಘದ ಮೇಲೆ ಗೂಬೆ ಕೂರಿಸಿದರು. ಕಾರೊಂದಕ್ಕೆ ಸುಮಾರು 1,500 ಡಾಲರ್ ನೌಕರರ, ನಿವೃತ್ತರ ಆಸ್ಪತ್ರೆ ಖರ್ಚು ಬೀಳ್ತಿತ್ತು, ನಿಜ. ಜಪಾನಿನಲ್ಲಿ ಇಡೀ ದೇಶಕ್ಕೇ ಆರೋಗ್ಯ ವಿಮೆ ಇತ್ತು, ಅಮೆರಿಕದಲ್ಲಿ ಇರಲಿಲ್ಲ. ಸರ್ಕಾರ ಹೊರದ ಹೊರೆ ಕಾರಿನ ಮೇಲೆ ಬಿತ್ತು.

ಇನ್ನು ಸಂಘಗಳ ವಿಮರ್ಶೆ. ಇದನ್ನು ನಾವೇ ಮಾಡಬೇಕು, ಧಣಿಗಳಿಗೆ ಬಿಡಬಾರದು. ಮುಂಬೈನ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗಕ್ಕೆ ದಲಿತರನ್ನು ಸೇರಿಸುತ್ತಿರಲಿಲ್ಲ. ನೂಲನ್ನು ಬಾಯಲ್ಲಿ ಕಚ್ಚಬೇಕು, ಮೈಲಿಗೆ ಆಗುತ್ತೆ ಅಂತ. ಅಲ್ಲಿನ ಕೆಂಪು ಬಾವುಟದ ಸಂಘಗಳು ಈ ಬಗ್ಗೆ ಗಟ್ಟಿಯಾಗಿ ದನಿ ಎತ್ತದಿದ್ದುದನ್ನು ಅಂಬೇಡ್ಕರ್ ಬಿಡದೆ ಪ್ರಶ್ನಿಸಿದರು. ಅದೇ ಅಂಬೇಡ್ಕರ್ 1938ರಲ್ಲಿ ಮುಷ್ಕರದ ಹಕ್ಕು ಕಿತ್ತುಕೊಳ್ಳುವ ಮಸೂದೆಯ ವಿರುದ್ಧ ಆ ಸಂಘಗಳ ಜೊತೆಯಲ್ಲೇ ಬೀದಿಗಿಳಿದರು. ಟೀಕೆಯೂ ಜೊತೆಯೂ ಒಟ್ಟಿಗೆ: ನಮಗೆ ಬೇಕಾದ ದಾರಿ ಇದು.

ಇವತ್ತಿನ ನೇಯ್ಗೆ ವಿಭಾಗ ಯಾವುದು? ಕಾಯಂ ನೌಕರಿ. ಗೇಟಿನೊಳಗೆ ಒಂದೇ ಲೈನಿನಲ್ಲಿ ಒಂದೇ ಬೋಲ್ಟು ತಿರುಗಿಸುವ ಇಬ್ಬರಲ್ಲಿ ಒಬ್ಬ ಕಾಯಂ, ಇನ್ನೊಬ್ಬ ಗುತ್ತಿಗೆ ಅಥವಾ ಅಪ್ರೆಂಟಿಸ್. ಎರಡನೆಯವನ ಕೈಗೆ ಸಿಗೋದು ಮೊದಲನೆಯವನದರ ಒಂದು ಪಾಲು. ನಮ್ಮ ಕೇರಿಗಳ ಹುಡುಗರು ಯಾವ ಸಾಲಿನಲ್ಲಿ ನಿಂತಿರ್ತಾರೆ ಅಂತ ಹೇಳಬೇಕಾಗಿಲ್ಲ. ಹರಿಯಾಣದ ಮಾನೇಸರದ ಮಾರುತಿ ಕಾರ್ಮಿಕರು 2011-12ರಲ್ಲಿ ಗುತ್ತಿಗೆಯವರನ್ನೂ ಸೇರಿಸಿಕೊಂಡು ಹೋರಾಡಿದ್ದರಲ್ಲೇ ಅವರ ದೊಡ್ಡತನ ಇತ್ತು. ಆ ಹೋರಾಟ 2012ರ ಜುಲೈ 18ರಂದು ಹಿಂಸೆಗೆ ತಿರುಗಿತು. ಮೇಲ್ವಿಚಾರಕ ಜಾತಿ ಹಿಡಿದು ಬೈದ ಅಂತ ಕಾರ್ಮಿಕರು ಅಂದರು, ಕಾರ್ಮಿಕನೇ ಹೊಡೆದ ಅಂತ ಆಡಳಿತ ಅಂದಿತು. ಅಧಿಕಾರಿಯೊಬ್ಬರು ಬೆಂಕಿಯಲ್ಲಿ ಸತ್ತರು. 2017ರಲ್ಲಿ 13 ಕಾರ್ಮಿಕರಿಗೆ ಜೀವಾವಧಿ ಶಿಕ್ಷೆಯಾಯಿತು, 117 ಜನ ಖುಲಾಸೆಯಾದರು. ಆ ಸಾವನ್ನು ಸಮರ್ಥಿಸಬೇಕಾಗಿಲ್ಲ. ಹಾಗೆಯೇ ಖುಲಾಸೆಯಾದವರ ಜೈಲಿನ ವರ್ಷಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ಕೇಳದೇ ಇರಬೇಕಾಗಿಯೂ ಇಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಯಾವ ಕಾರ್ಖಾನೆಯಲ್ಲೇ ಆಗಲಿ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಕೊಡಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ನಿಗದಿತ ಅವಧಿಯ ನೌಕರಿಗೆ ಕಾನೂನಿನ ಮುದ್ರೆ ಬಿದ್ದಿದೆ. ಅವಧಿ ಮುಗಿದರೆ ಮನೆಗೆ. ಹಾಗಿರುವಾಗ ಆ ಹುಡುಗ ಸಂಘಕ್ಕೆ ಸೇರಲು ಧೈರ್ಯ ಮಾಡ್ತಾನಾ? ಕಾಯಮ್ಮಿನವರ ಸಂಘ ಅವನಿಗೆ ಬಾಗಿಲು ತೆರೆಯದಿದ್ದರೆ ಅದು ಕಾರ್ಖಾನೆಯೊಳಗಿನ ಇನ್ನೊಂದು ಅಗ್ರಹಾರ ಆಗುತ್ತೆ. ಕೊನೆಗೆ ಸಂಘವೂ ಉಳಿಯೋದಿಲ್ಲ. ಯಾಕಂದ್ರೆ ಪ್ರತಿ ವರ್ಷ ಕಾಯಮ್ಮಿನವರು ಕಡಿಮೆಯಾಗುತ್ತಾ, ಹೊರಗಿನವರು ಹೆಚ್ಚಾಗುತ್ತಾ ಹೋಗ್ತಾರೆ.

ಗೆಳೆಯರೇ, ಊರಿಂದ ಕಾರ್ಖಾನೆಗೆ ಹೊರಟ ಹುಡುಗನಿಗೆ ‘ಸಂಘ ಸೇರಬ್ಯಾಡ’ ಅನ್ನೋದನ್ನು ಬಿಟ್ಟು ಮೂರು ಮಾತು ಹೇಳಿ ಕಳಿಸೋಣ. ನೇಮಕದ ಕಾಗದವನ್ನು ಪೂರ್ತಿ ಓದು. ಇಂಗ್ಲಿಷ್ ಅರ್ಥವಾಗದಿದ್ದರೆ ಸಹಿ ಮಾಡೋ ಮೊದಲು ಮೇಷ್ಟ್ರ ಹತ್ತಿರ ಓದಿಸು. ಸಂಘ ಇದ್ದರೆ ಸೇರು. ಸೇರಿದ ದಿನವೇ ಗುತ್ತಿಗೆಯವರು ಎಲ್ಲಿ ಅಂತ ಕೇಳು. ನಿನ್ನ ಕೂಲಿಯಿಂದ ಕಾರು ತುಟ್ಟಿಯಾಯ್ತು ಅಂತ ಯಾರಾದ್ರೂ ಅಂದ್ರೆ, ಲೆಕ್ಕ ತೋರಿಸಿ ಸ್ವಾಮಿ ಅನ್ನು.